ಗಾಡಿ ಬಾಗಲಾ ಮತ್ತ ಪಾಸಿಂಗ್

ನಮ್ಮ ಹಳೀ ಕಾರಿಗೆ ಹದಿನೈದು ವರ್ಷ ತುಂಬಿದವು. ಪಾಸಿಂಗಿಗೆ ಒಯ್ಯಬೇಕಂತ ಮನ್ಯಾಗ ಗಂಡಸ್ರು ಬ್ರೇಕ್ ನೋಡಿದ್ರು, ಲೈಟ್ ನೋಡಿದ್ರು, ಹೊಗಿ ಸರ್ಟಿಫಿಕೇಟ್ ತಗಸಿದ್ರು. ಹಿಂದಿನ ಎಡಗಡೆ ಬಾಗಲಾ ಮಾತ್ರ ಯಾರೂ ನೋಡ್ಲಿಲ್ಲ. ಅಲ್ಲಿ ಕೂಡಾವ್ರು ನಾವಲ್ಲಾ! ಎರಡು ವರ್ಷದಿಂದ ಅದು ಜೋರಾಗಿ ಬಡದು ಹಾಕಿದ್ರ ಅಷ್ಟ ಕೂಡತಿತ್ತು. ಒಂದಿನ ಐನಾಪುರದಿಂದ ಉಗಾರಕ್ಕ ಹೋಗಾಗ ತಿರುವಿನೊಳಗ ತನ್ನಷ್ಟಕ್ಕ ತಗೀತು. ಬಾಜೂಕ ಕುಂತಿದ್ದ ಕಾಕೂನ ತೋಳ ಹಿಡದು ಜಗ್ಗಿದೆ, ಅದಕ್ಕ ಉಳದ್ರು.

ಆವತ್ತಿನಿಂದ ಈ ಬಾಗಲದ ಹಿಂದಿನ ಕಥಿ ಹುಡಕಾಕ ಹತ್ತಿದೆ. ಓದಿದ್ದನ್ನ ನಿಮಗೂ ಹೇಳಬೇಕನಿಸ್ತು.

ಮೋಟಾರ ಗಾಡಿಯಿಂದ ಬಿದ್ದು ಮೊದಲ ಜೀವಾ ಕಳಕೊಂಡಾಕಿನೂ ಒಬ್ಬ ಹೆಣಮಗಳ ಅಂತ ಹೇಳತಾರ. ಆಕಿ ಹೆಸರ ಮೇರಿ ವಾರ್ಡ್. ಸೂಕ್ಷ್ಮದರ್ಶಕದ ಮ್ಯಾಲ ಪುಸ್ತಕ ಬರದಾಕಿ. 1869ರ ಆಗಸ್ಟ್ 31ಕ್ಕ ಐರ್ಲೆಂಡಿನೊಳಗ ತನ್ನ ಬಂಧುಗಳು ಕಟ್ಟಿದ ಉಗಿ ಗಾಡಿಯೊಳಗ ಹೊಂಟಾಗ ತಿರುವಿನ್ಯಾಗ ಹೊರಗ ಬಿದ್ದಳು, ಗಾಲಿ ಮೈಮ್ಯಾಲ ಹಾದ್ವು.

ಮುಂದ ಗಾಡಿಗೆ ಬಾಗಲಾ ಬಂದ್ವು ಖರೆ, ಅಪಘಾತದಾಗ ಅವು ತಗದು ಮಂದಿ ಹೊರಗ ಬೀಳೂದು ನಿಲ್ಲಲಿಲ್ಲ. 1950ರ ದಶಕದಾಗ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದವ್ರು ಅಪಘಾತಗಳ ಅಭ್ಯಾಸ ಮಾಡಿ, ಗಾಡಿಯೊಳಗ ಉಳದವ್ರಕಿಂತ ಹೊರಗ ಬಿದ್ದವ್ರಿಗೆ ಜೀವದ ಅಪಾಯ ಭಾಳ ಅಂತ ತೋರಿಸಿದ್ರು. ಆಮ್ಯಾಲ 1956ರ ಕಾರುಗಳಿಗೆ ಗಟ್ಟಿ ಚಿಲಕ ಬಂದ್ವು. 1968ರಿಂದ ಬಾಗಲದ ಚಿಲಕಕ್ಕ, ಬಿಜಾಗರಿಗೆ ಅಲ್ಲಿ ಸರ್ಕಾರದ ನಿಯಮನ ಆತು.

ನಮ್ಮ ಕಡೆ ಹಿರ್ಯಾರಿಗೆ ಡುಕ್ಕರ ಫಿಯಾಟ್ ನೆನಪಿರಬೇಕು. ದುಂಡಗಿತ್ತಂತ ಮರಾಠಿಯೊಳಗ ಹಂದಿ ಹೆಸರ ಇಟ್ಟಿದ್ರು! ಅದನ್ನ ಮಾಡತಿದ್ದ ಮುಂಬೈಯ ಪ್ರೀಮಿಯರ್ ಕಂಪನಿ ಕಟ್ಟಿದವ್ರು ವಾಲಚಂದ ಹಿರಾಚಂದ; ಸಾಂಗಲಿಯ ಇಂಜಿನಿಯರಿಂಗ್ ಕಾಲೇಜಿಗೂ ಅವರದ ಹೆಸರ. ಆ ಫಿಯಾಟಿನ ಮುಂದಿನ ಬಾಗಲಕ್ಕ ಬಿಜಾಗರಿ ಹಿಂದಿನ ಬದಿ ಇತ್ತು. ಓಡೂ ಮುಂದ ಚಿಲಕ ಬಿಚ್ಚಿದ್ರ ಗಾಳಿ ಹೊಕ್ಕು ಬಾಗಲಾ ಪೂರ್ತಿ ಹಾರಿಸತಿತ್ತು. 1960ರ ದಶಕದ ಫಿಯಾಟ್ 1100 ಡಿಯೊಳಗ ಬಿಜಾಗರಿ ಮುಂದ ಬಂತು. ಈಗ ಗಾಳಿನ ಬಾಗಲಾ ಒಳಗ ಒತ್ತತೈತಿ. ಅದ ಗಾಡಿ ಮುಂದ ಪ್ರೀಮಿಯರ್ ಪದ್ಮಿನಿ ಆತು.

ಇನ್ನ ಪಾಸಿಂಗಿನ ಮಾತು. 1939ರ ಮೋಟಾರ ಕಾಯ್ದೆ ಬಂದಾಗ ನಮ್ಮ ಬೆಳಗಾವಿ ಜಿಲ್ಲಾ ಮುಂಬೈ ಪ್ರಾಂತದಾಗಿತ್ತು. ಬಸ್ಸು, ಲಾರಿಯಂಥ ಗಾಡಿ ಓಡಾಕ ಯೋಗ್ಯ ಐತಿ ಅನ್ನೋ ಸರ್ಟಿಫಿಕೇಟ್ ಆ ಕಾಯ್ದೆಯೊಳಗ ಇತ್ತು. ಈಗಿನ 1988ರ ಕಾಯ್ದೆ 1989ರ ಜುಲೈ 1ಕ್ಕ ಜಾರಿಗೆ ಬಂತು. ಇದರ ಪ್ರಕಾರ ಮನಿ ಕಾರಿನ ನೋಂದಣಿ 15 ವರ್ಷ ನಡೀತೈತಿ. ಆಮ್ಯಾಲ ಗಾಡಿ ತೋರಿಸಿ 5 ವರ್ಷಕ್ಕ ಹೊಸದು ಮಾಡಿಸಬೇಕು. ನಾವು ಲಗ್ನಕ್ಕ, ಜಾತ್ರಿಗೆ ಹೋಗೋ ಬಾಡಿಗಿ ಕ್ರೂಸರಿಗೆ ನಿಯಮ ಬ್ಯಾರೆ. 2018ರ ತಿದ್ದುಪಡಿ ಪ್ರಕಾರ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮ್ಯಾಲ ವರ್ಷಾ ಪಾಸಿಂಗ್.

ಲೆಕ್ಕಾ ಹಾಕ್ರಿ: ಕಾರಿಗೆ ಹದಿನೈದು ವರ್ಷದಾಗ ಒಂದಿನ ಪರೀಕ್ಷಾ. ಬಾಗಲಾ ನಾವು ದಿನಾ ತಗದು ಹಾಕತೀವಿ. ಪಾಸಿಂಗ್ ಅಂದ್ರ ಆ ದಿನದ ಮಾತು. ಉಳದ ದಿನದ ಪರೀಕ್ಷಾ ನಮ್ಮ ಕೈಯಾಗ ಐತಿ.

ನೋಡೂದು ಸುಲಭ. ಬಾಗಲಾ ತಗದು ಹಿಡದು ಮ್ಯಾಲ ಕೆಳಗ ಎತ್ತಿ ನೋಡ್ರಿ. ಅಲಗಾಡಿದ್ರ ಬಿಜಾಗರಿ ಸವದೈತಿ. ಚಿಲಕಕ್ಕ ಎರಡು ಹಂತ ಇರತಾವ. ಅರ್ಧಾ ಕೂತ್ರ ಒಂದ ಹಂತ ಹಿಡೀತೈತಿ, ಮುಚ್ಚಿದಂಗ ಕಾಣತೈತಿ, ಅದನ್ನ ನಂಬಬ್ಯಾಡ್ರಿ. ಹಾಕಿದ ಮ್ಯಾಲ ಒಳಗಿಂದ ಒಮ್ಮೆ ದೂಕಿ ನೋಡ್ರಿ. ಹಗ್ಗಾ ಕಟ್ಟಿ ಓಡಿಸೂದಂತೂ ಬ್ಯಾಡ, ಅವಸರಕ್ಕ ಇಳಿಯಾಕೂ ಬರೂದಿಲ್ಲ.

ನಮ್ಮ ಮಿಸ್ತ್ರಿ ಬಿಜಾಗರಿ ಬದಲ ಮಾಡಿದ, ಚಿಲಕ ಸರಿ ಕೂಡಿಸಿದ, ಆಮ್ಯಾಲ ಗಾಡಿ ಪಾಸಿಂಗಿಗೆ ಹೋತು. ಕಾಕು ಈಗೂ ಅದ ಬಾಜೂಕ ಕೂಡತಾರ. ಆದ್ರ ಗಾಡಿ ಚಾಲೂ ಮಾಡೂಕಿಂತ ಮೊದಲ, "ತಡಿಯೋ ತಮ್ಮಾ" ಅಂತ ಹೇಳಿ ಎರಡೂ ಕೈಲೆ ಬಾಗಲಾ ದೂಕಿ ನೋಡತಾರ. ನೀವೂ ನೋಡ್ರೆವ್ವಾ.