ಪ್ಯಾಕಿಂಗ್ ಟೇಪ್: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬಳಕೆ

ರಟ್ಟಿನ ಪೆಟ್ಟಿಗೆ, ಲಕೋಟೆ, ಪೊಟ್ಟಣಗಳ ಬಾಯಿ ಮುಚ್ಚಲು ಬಳಸುವ, ಒಂದು ಮಗ್ಗುಲಿಗೆ ಅಂಟು ಬಳಿದ ಪಟ್ಟಿ. ಅಂಗಡಿಗಳಲ್ಲಿ ಸೆಲ್ಲೋ ಟೇಪ್, ಗಮ್ ಟೇಪ್, ಬ್ರೌನ್ ಟೇಪ್ ಎಂದೆಲ್ಲ ಕೇಳಿ ಕೊಳ್ಳುತ್ತಾರೆ. ಯಾವ ಟೇಪ್ ಬೇಕು ಎಂಬುದು ಅದು ಅಂಟಬೇಕಾದ ಮೈ, ಒಳಗಿನ ಸರಕು, ಸಾಗುವ ದಾರಿ ಇವುಗಳಿಂದ ತೀರ್ಮಾನವಾಗುತ್ತದೆ. ಬೆಲೆಯ ಮಾತು ಆಮೇಲಿನದು. ಒಂದೆಡೆ ತೆಂಗು, ಅಡಿಕೆ, ಹುಣಸೆಯ ವ್ಯಾಪಾರ, ಇನ್ನೊಂದೆಡೆ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ, ಅಂಚೇಪಾಳ್ಯಗಳ ಕಾರ್ಖಾನೆಗಳು ಇರುವುದರಿಂದ ತುಮಕೂರು ಸೀಮೆಯಲ್ಲಿ ಒಂದೇ ಟೇಪ್ ಎಲ್ಲಕ್ಕೂ ಒದಗುವುದಿಲ್ಲ.

ಕೆಲವು ಸರಕಿಗೆ ಟೇಪೇ ಬೇಡ. ಕೊಬ್ಬರಿ, ಅಡಿಕೆ, ರಾಗಿ ಇಂದಿಗೂ ಗೋಣಿಚೀಲದಲ್ಲೇ ಮಾರುಕಟ್ಟೆಗೆ ಹೋಗುತ್ತವೆ. ಅವುಗಳ ಬಾಯಿಗೆ ದಬ್ಬಳ ಮತ್ತು ಹುರಿಯೇ ಗತಿ. ನಾರು ಎದ್ದ, ದೂಳು ತುಂಬಿದ ಸೆಣಬಿನ ಮೇಲೆ ಅಂಟು ನಿಲ್ಲುವುದಿಲ್ಲ. ನೇಯ್ದ ಪ್ಲಾಸ್ಟಿಕ್ ಚೀಲವೂ ಟೇಪಿಗೆ ಒಗ್ಗದು. ಪಾಲಿಪ್ರೊಪಿಲೀನ್, ಪಾಲಿಥೀನ್‌ಗಳ ಮೇಲೆ ಅಂಟು ಹರಡಿ ಕೂರುವುದು ಕಷ್ಟ. ಅನಿವಾರ್ಯವಾದರೆ ಅಕ್ರಿಲಿಕ್‌ಗಿಂತ ರಬ್ಬರ್ ಜಾತಿಯ ಅಂಟು ಮೇಲು. ಸಾಮಾನ್ಯ ಬ್ರೌನ್ ಟೇಪ್ ತಾನೂ ಪಾಲಿಪ್ರೊಪಿಲೀನ್ ಹಾಳೆಯದೇ. ಹಾಗಾಗಿ ಕಾರ್ಖಾನೆಯಲ್ಲಿ ಹಾಳೆಯ ಒಂದು ಮಗ್ಗುಲಿಗೆ ವಿದ್ಯುತ್ ಹಾಯಿಸಿ ಅಂಟು ಕಚ್ಚಿಕೊಳ್ಳುವಂತೆ ಮಾಡುತ್ತಾರೆ, ಇನ್ನೊಂದು ಮಗ್ಗುಲನ್ನು ನುಣುಪಾಗಿಯೇ ಬಿಡುತ್ತಾರೆ. ರೋಲ್ ಸಲೀಸಾಗಿ ಬಿಚ್ಚಿಕೊಳ್ಳುವುದು ಇದರಿಂದಲೇ.

ಒತ್ತಿದರೆ ಅಂಟುವ ಪಟ್ಟಿಗಳನ್ನು ಕೈಗಾರಿಕೆಗೆ ತಂದವರಲ್ಲಿ ಅಮೆರಿಕದ ತ್ರೀಎಂ ಕಂಪನಿಯ ರಿಚರ್ಡ್ ಡ್ರೂ ಮುಖ್ಯ. ಕಾರಿಗೆ ಎರಡು ಬಣ್ಣ ಹೊಡೆಯುವಾಗ ಅಂಚು ಮರೆಮಾಡಲೆಂದು 1925ರಲ್ಲಿ ಮಾಸ್ಕಿಂಗ್ ಟೇಪನ್ನೂ 1930ರಲ್ಲಿ ಪಾರದರ್ಶಕ ಸೆಲ್ಲೋಫೇನ್ ಟೇಪನ್ನೂ ರೂಪಿಸಿದ. ನಮ್ಮ ಅಂಚೆ ಪಾರ್ಸೆಲ್ಲು ಮಾತ್ರ ಆಮೇಲೂ ಬಹುಕಾಲ ಬಿಳಿಬಟ್ಟೆಯಲ್ಲಿ ಹೊಲಿಸಿಕೊಂಡು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿಸಿಕೊಂಡು ಓಡಾಡಿತು. ಯಾರಾದರೂ ನಡುವೆ ಬಿಚ್ಚಿದ್ದರೆ ಅರಗು ಅದನ್ನು ಹೇಳುತ್ತಿತ್ತು. ಬ್ರೌನ್ ಟೇಪಿಗೆ ಆ ಗುಣವಿಲ್ಲ: ಬ್ಲೇಡಿನಲ್ಲಿ ಸೀಳಿ, ಮೇಲೊಂದು ಪಟ್ಟಿ ಎಳೆದರೆ ಗೊತ್ತೇ ಆಗದು. ಬೆಲೆಬಾಳುವ ವಸ್ತುವಿಗೆ ಹೆಸರು ಮುದ್ರಿಸಿದ ಟೇಪನ್ನೋ, ನೀರು ಸವರಿ ಅಂಟಿಸುವ ಕಾಗದದ ಟೇಪನ್ನೋ ಬಳಸುವುದು ಇದಕ್ಕಾಗಿ. ಕಾಗದದ ಟೇಪಿನ ಪಿಷ್ಟದ ಅಂಟು ರಟ್ಟಿನ ನಾರಿನೊಳಕ್ಕೆ ಇಳಿಯುತ್ತದೆ. ಕಿತ್ತರೆ ರಟ್ಟಿನ ಸಿಪ್ಪೆಯೂ ಜೊತೆಗೇ ಎದ್ದು ಬರುತ್ತದೆ.

ಪೇಟೆಯ ಸಾಮಾನ್ಯ ಬ್ರೌನ್ ಟೇಪುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕದಡಿದ ಅಕ್ರಿಲಿಕ್ ಅಂಟಿನವು. ಅಂಟಿಸಿದ ಕೂಡಲೇ ಹಿಡಿತ ಅಷ್ಟಕ್ಕಷ್ಟೆ. ಗಂಟೆಗಳು ಕಳೆದಂತೆ ಬಿಗಿಯಾಗುತ್ತದೆ, ಬಿಸಿಲಿಗೂ ವಯಸ್ಸಿಗೂ ಜಗ್ಗುವುದಿಲ್ಲ. ಇನ್ನೊಂದು ಬಗೆ ಹಾಟ್‌ಮೆಲ್ಟ್, ಎಂದರೆ ಕಾಯಿಸಿ ಬಳಿದ ಕೃತಕ ರಬ್ಬರಿನದು. ಮುಟ್ಟಿದೊಡನೆ ಕಚ್ಚುತ್ತದೆ, ಮರುಬಳಕೆಯ ಒರಟು ರಟ್ಟಿನ ಮೇಲೂ ನಿಲ್ಲುತ್ತದೆ. ಆದರೆ ಸೆಖೆ 50 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಮೆತ್ತಗಾಗಿ ಜಾರತೊಡಗುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ತುಮಕೂರಿನಲ್ಲಿ ನೆರಳಿನ ಉಷ್ಣತೆ ಅಷ್ಟಕ್ಕೆ ಏರದು. ಆದರೆ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಮುಚ್ಚಿದ ಲಾರಿಯ ಒಳಗೆ ಅಷ್ಟಕ್ಕೆ ಏರಬಲ್ಲದು. ಬೇಸಿಗೆಯಲ್ಲಿ ದೂರ ಹೋಗುವ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಮಾಲಿಗೆ ಅಕ್ರಿಲಿಕ್. ಸಂಜೆ ಕಟ್ಟಿ ರಾತ್ರಿಯೇ ಬಸ್ಸಿಗೆ ಹಾಕುವ ಪೆಟ್ಟಿಗೆಗೆ ಹಾಟ್‌ಮೆಲ್ಟ್. ಕೆಎಸ್ಸಾರ್ಟಿಸಿಯ ‘ನಮ್ಮ ಕಾರ್ಗೋ’ ಸೇವೆ 2021ರಲ್ಲಿ ಶುರುವಾದ ಮೇಲೆ ಇಂಥ ಆತುರದ ಪೆಟ್ಟಿಗೆಗಳಿಗೆ ಒಂದು ದಾರಿ ಹೆಚ್ಚಾಗಿದೆ.

ಈ ಸೀಮೆಯಲ್ಲಿ ಟೇಪಿಗೆ ದೊಡ್ಡ ಶತ್ರು ಎಣ್ಣೆ. ಕೊಬ್ಬರಿ ಎಣ್ಣೆಯ ಬಾಟಲಿ ಒಂದಿಷ್ಟು ಸೋರಿದರೂ ರಬ್ಬರ್ ಅಂಟು ಅದನ್ನು ಹೀರಿ ಲೋಳೆಯಾಗುತ್ತದೆ. ಅಕ್ರಿಲಿಕ್ ಕೆಡುವುದು ತಡವಾದರೂ ಜಿಡ್ಡು ಸವರಿದ ರಟ್ಟಿಗೆ ಅದೂ ಹಿಡಿಯದು. ಆದ್ದರಿಂದ ಮೊದಲು ಬಾಟಲಿಯ ಮುಚ್ಚಳ ಭದ್ರವಾಗಬೇಕು, ಬಾಟಲಿಗಳು ಪ್ಲಾಸ್ಟಿಕ್ ಚೀಲದೊಳಗೆ ಸೇರಬೇಕು. ಹೊರಗಿನ ಟೇಪಿನ ಮೇಲೆ ಭಾರ ಹಾಕಿ ಫಲವಿಲ್ಲ. ತುಕ್ಕು ಹಿಡಿಯದಂತೆ ಎಣ್ಣೆ ಸವರಿದ ಯಂತ್ರಭಾಗಗಳಿಗೂ ಇದೇ ಮಾತು. ಅಂಥ ತೂಕದ ಪೆಟ್ಟಿಗೆಗೆ ಗಾಜಿನ ಎಳೆ ಹಾಯಿಸಿದ ಫಿಲಮೆಂಟ್ ಟೇಪ್ ಅಥವಾ ಪ್ಲಾಸ್ಟಿಕ್ ಪಟ್ಟಿಯ ಕಟ್ಟು ಬೇಕು.

ತೇವದ ಸಮಸ್ಯೆ ಬೇರೆಯದು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿದ ‘ಸಿದ್ದು’ ತಳಿ ಅಲ್ಲಿಯದೇ. ಇಂಥ ತಳಿಗಳ ಕಸಿಸಸಿಯನ್ನು ಪಾರ್ಸೆಲ್ ಮಾಡುವಾಗ ಬೇರಿನ ಸುತ್ತಲಿನ ಒದ್ದೆ ತೆಂಗಿನನಾರು ರಟ್ಟನ್ನು ಒಳಗಿನಿಂದ ನೆನೆಸುತ್ತದೆ. ಸೋಲುವುದು ಟೇಪಲ್ಲ, ಅದರಡಿಯ ರಟ್ಟು: ಮೇಲ್ಪದರ ಕಳಚಿ ಟೇಪಿಗಂಟಿಕೊಂಡೇ ಬಂದುಬಿಡುತ್ತದೆ. ಬೇರಿನ ಗಡ್ಡೆಯನ್ನು ಪಾಲಿಥೀನಿನಲ್ಲಿ ಬಿಗಿದು, ಪೆಟ್ಟಿಗೆಗೆ ಗಾಳಿಕಿಂಡಿ ಬಿಟ್ಟು, ಟೇಪನ್ನು ಪೆಟ್ಟಿಗೆಯ ಸುತ್ತ ಪೂರ್ತಿ ಸುತ್ತಿ ತನ್ನ ಮೇಲೆ ತಾನೇ ಅಂಟುವಂತೆ ಮಾಡಿದರೆ ನಿಲ್ಲುತ್ತದೆ. ಕುಣಿಗಲ್ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ ದಾಟಿ ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಆ ದಾರಿ ಹಿಡಿಯುವ ಪೆಟ್ಟಿಗೆಗೆ ನೀರು ಸವರುವ ಕಾಗದದ ಟೇಪ್ ತಕ್ಕದ್ದಲ್ಲ. ಪಿಷ್ಟದ ಅಂಟು ಮತ್ತೆ ನೆನೆದು ಸಡಿಲವಾಗುತ್ತದೆ.

ಅಳತೆಯಲ್ಲಿ 48 ಮಿಲಿಮೀಟರ್, ಅಂದರೆ ಸುಮಾರು ಎರಡಂಗುಲದ ಅಗಲ ಸಾಮಾನ್ಯ. ಭಾರದ ಪೆಟ್ಟಿಗೆಗೆ 72 ಮಿಲಿಮೀಟರ್ ವಾಸಿ. ದಪ್ಪವನ್ನು ಮೈಕ್ರಾನ್‌ನಲ್ಲಿ ಹೇಳುವಾಗ ಹಾಳೆ ಮತ್ತು ಅಂಟು ಸೇರಿಯೇ ಲೆಕ್ಕ: 42 ಮೈಕ್ರಾನ್ ಎಂದರೆ ಹಾಳೆ 25ರ ಆಸುಪಾಸು, ಉಳಿದದ್ದು ಅಂಟು. ಅಗ್ಗದ ರೋಲಿನಲ್ಲಿ ಒಳಗಿನ ರಟ್ಟಿನ ಕೊಳವೆಯೇ ದಪ್ಪವಾಗಿದ್ದು, ಹೊರಗಿನಿಂದ ತುಂಬಿದಂತೆ ಕಂಡರೂ ಟೇಪಿನ ಉದ್ದ ಕಡಿಮೆ ಇರುವುದುಂಟು. ಮೀಟರ್ ನೋಡಿ ಕೊಳ್ಳಬೇಕು. ಅಂಟನ್ನು ಪರೀಕ್ಷಿಸಲು ಬಳಸುವ ಪೆಟ್ಟಿಗೆಯ ಮೇಲೇ ಒಂದು ತುಂಡನ್ನು ಒತ್ತಿ ಉಜ್ಜಿ, ಮರುದಿನ ಕಿತ್ತು ನೋಡಿದರೆ ಸಾಕು. ರಟ್ಟಿನ ನಾರು ಕಿತ್ತುಬಂದರೆ ಜೋಡಿ ಸರಿಯಾಗಿದೆ. ಟೇಪ್ ಚೊಕ್ಕವಾಗಿ ಬಿಟ್ಟುಬಂದರೆ ಬೇರೆ ಟೇಪ್ ನೋಡಬೇಕು.

ಟೇಪ್ ಎಷ್ಟೇ ಒಳ್ಳೆಯದಾದರೂ ಉಜ್ಜದೆ ಬಿಟ್ಟರೆ ಅರ್ಧ ಹಿಡಿತವೂ ಸಿಗದು, ಏಕೆಂದರೆ ಈ ಅಂಟು ಒತ್ತಡದಿಂದಲೇ ರಟ್ಟಿನ ಏರುತಗ್ಗಿನೊಳಕ್ಕೆ ಹರಿಯುವಂಥದು. ನಡುವಿನ ಸೀಳಿನ ಮೇಲೆ ಉದ್ದಕ್ಕೆ ಎಳೆದು, ಎರಡೂ ತುದಿ ಪಕ್ಕಕ್ಕೆ ಐದಾರು ಸೆಂಟಿಮೀಟರ್ ಇಳಿಯಬೇಕು. ತಳವನ್ನು ಬಾಯಿಗಿಂತ ಭದ್ರವಾಗಿ ಮುಚ್ಚಬೇಕು. ಉಬ್ಬಿ ಬಾಯಿ ತೆರೆಯುವಷ್ಟು ತುರುಕಿದ ಪೆಟ್ಟಿಗೆಯಲ್ಲಿ ರಟ್ಟು ಹಗಲಿರುಳೂ ಟೇಪನ್ನು ಎಳೆಯುತ್ತಲೇ ಇರುತ್ತದೆ. ಅದಕ್ಕೆ ಮದ್ದು ದೊಡ್ಡ ಪೆಟ್ಟಿಗೆ. ವಿಳಾಸದ ಚೀಟಿಗೆ ಪಾರದರ್ಶಕ ಟೇಪ್ ಹಾಕಿದರೆ ಮಳೆಯಿಂದ ರಕ್ಷಣೆಯೇನೋ ಸರಿ, ಬಾರ್‌ಕೋಡಿನ ಮೇಲೆ ಮಾತ್ರ ಹಾಕಬಾರದು. ಹೊಳಪಿನಿಂದ ಸ್ಕ್ಯಾನರ್ ತಡವರಿಸುತ್ತದೆ.

ಗುಜರಿಗೆ ಹೋದ ರಟ್ಟನ್ನು ಕಾಗದದ ಗಿರಣಿಯಲ್ಲಿ ನೀರಿಗೆ ಹಾಕಿ ಕಡೆದಾಗ ಕಾಗದದ ಟೇಪ್ ರಟ್ಟಿನೊಡನೆಯೇ ಕರಗುತ್ತದೆ. ಪ್ಲಾಸ್ಟಿಕ್ ಟೇಪನ್ನು ಸೋಸಿ ಎಸೆಯಬೇಕಾಗುತ್ತದೆ, ಗಾಜಿನ ಎಳೆಯ ಟೇಪನ್ನೂ ಅಷ್ಟೆ.