ತಾಯಿ ಇದ್ದೂ ಅನಾಥರಾದ ಮಕ್ಕಳು

ಅನಾಥಾಲಯ ಅಂದ ಕೂಡಲೇ ಅಪ್ಪ-ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ನಮ್ಮ ಕಣ್ಣ ಮುಂದೆ ಬರುತ್ತಾರೆ. ಆದರೆ ಅನಾಥಾಲಯಗಳ ಚರಿತ್ರೆ ಓದುತ್ತಾ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ಅಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ತಾಯಿ ಇದ್ದಳು. ಸಾಕುವ ದಾರಿ ಮಾತ್ರ ಅವಳಿಗೆ ಇರಲಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ಲಂಡನ್ನಿನಲ್ಲಿದೆ. ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನ ಅಲ್ಲಿನ ಬೀದಿ ಬದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ಕಂಡು ಮರುಗಿದ. 17 ವರ್ಷ ಸಿರಿವಂತರ ಮನೆಬಾಗಿಲು ತಟ್ಟಿದ. ಕೊನೆಗೆ 1739ರಲ್ಲಿ ರಾಜನ ಅಪ್ಪಣೆ ಸಿಕ್ಕಿತು. 1741ರ ಮಾರ್ಚ್‌ನಲ್ಲಿ ‘ಫೌಂಡ್ಲಿಂಗ್ ಹಾಸ್ಪಿಟಲ್’ ಬಾಗಿಲು ತೆರೆಯಿತು. ಹೆಸರಿಗೆ ಆಸ್ಪತ್ರೆ, ನಿಜವಾಗಿ ಮಕ್ಕಳನ್ನು ಸಾಕುವ ಮನೆ.

ಮೊದಲ ರಾತ್ರಿಯೇ 30 ಕೂಸುಗಳು ಬಂದವು. ಜಾಗ ಸಾಲದೆ ಮರುವರ್ಷ ಚೀಟಿ ಎತ್ತುವಂಥ ಪದ್ಧತಿ ತಂದರು. ತಾಯಿ ಚೀಲದೊಳಗೆ ಕೈ ಹಾಕಿ ಒಂದು ಚೆಂಡು ತೆಗೆಯಬೇಕು. ಬಿಳಿ ಬಂದರೆ, ಮಗುವಿಗೆ ರೋಗವಿಲ್ಲದಿದ್ದರೆ, ಒಳಗೆ. ಕೆಂಪು ಬಂದರೆ ಕಾಯಬೇಕು. ಕಪ್ಪು ಬಂದರೆ ಮಗುವನ್ನು ಎತ್ತಿಕೊಂಡು ವಾಪಸ್.

ಒಳಗೆ ಹೋದ ಮಗುವಿಗೆ ಹೊಸ ಹೆಸರು ಇಡುತ್ತಿದ್ದರು. ಮುಂದೆ ಗುರುತು ಹಿಡಿಯಲೆಂದು ತಾಯಂದಿರು ನಾಣ್ಯ, ಉಂಗುರ, ರಿಬ್ಬನ್ನು ಬಿಟ್ಟುಹೋಗುತ್ತಿದ್ದರು. ಬಹಳ ಸಲ ಬಟ್ಟೆಯ ತುಂಡೊಂದನ್ನು ಮಗುವಿನ ದಾಖಲೆ ಕಾಗದಕ್ಕೆ ಸಿಕ್ಕಿಸಿಡುತ್ತಿದ್ದರು. ಇಂಥ ಸುಮಾರು 5,000 ತುಂಡುಗಳು ಇಂದಿಗೂ ಉಳಿದಿವೆ.

1756ರಲ್ಲಿ ಸರ್ಕಾರ ದುಡ್ಡು ಕೊಟ್ಟು, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳಿ ಎಂದಿತು. ದೂರದ ಹಳ್ಳಿಗಳಿಂದಲೂ ಕೂಸುಗಳನ್ನು ಹೊತ್ತು ತಂದರು. ನಾಲ್ಕು ವರ್ಷದಲ್ಲಿ ಸುಮಾರು 15,000 ಮಕ್ಕಳು ಬಂದರು. ಬೆಳೆದು ಕೆಲಸ ಕಲಿಯುವ ವಯಸ್ಸು ಮುಟ್ಟಿದವರು 4,400 ಮಾತ್ರ. ಅಷ್ಟು ಕೂಸುಗಳಿಗೆ ಹಾಲೂಡಿಸುವ ದಾದಿಯರನ್ನು ಎಲ್ಲಿಂದ ತರುವುದು? 1760ರಲ್ಲಿ ಆ ಪದ್ಧತಿ ನಿಂತಿತು.

1741ರಿಂದ 1760ರವರೆಗೆ ಸೇರಿದ 16,282 ಮಕ್ಕಳಲ್ಲಿ ಮನೆಯವರು ಬಂದು ಕರೆದೊಯ್ದದ್ದು 152 ಮಕ್ಕಳನ್ನು.

ಆಮೇಲಿನ ಒಂದು ಪ್ರಸಂಗ. 1767ರಲ್ಲಿ ಸಾರಾ ಬೆಂಡರ್ ಎಂಬ ತಾಯಿ ತನ್ನ ಮಗ ಚಾರ್ಲ್ಸ್‌ನನ್ನು ಅಲ್ಲಿ ಬಿಟ್ಟಳು. ನಮ್ಮ ಕೌದಿಯ ಹಾಗೆ ಚಿಂದಿಗಳನ್ನು ಜೋಡಿಸಿ ಹೊಲಿದ ಪಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ ಹೃದಯದ ಕಸೂತಿ. ಅದನ್ನು ನಡುವೆ ಕತ್ತರಿಸಿ ಅರ್ಧವನ್ನು ಮಗುವಿನ ಜೊತೆ ಇಟ್ಟಳು. ಎಂಟು ವರ್ಷದ ಮೇಲೆ, 1775ರಲ್ಲಿ, ಅವಳು ಮಗನನ್ನು ಕೇಳಿಕೊಂಡು ಬಂದಳು. ಮಗ ಬದುಕಿದ್ದ. ಕರೆದುಕೊಂಡು ಹೋದಳು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ರೊಮೇನಿಯಾ ದೇಶದಲ್ಲಿ ಚಾಷೆಸ್ಕು ಸರ್ಕಾರ ಜನಸಂಖ್ಯೆ ಹೆಚ್ಚಿಸಲು 1966ರಲ್ಲಿ ಗರ್ಭಪಾತ ನಿಷೇಧಿಸಿತು. ಸಾಕಲಾಗದ ಬಡವರು ಮಕ್ಕಳನ್ನು ಸರ್ಕಾರಿ ಮನೆಗಳಿಗೆ ಬಿಟ್ಟರು. 1989ರಲ್ಲಿ ಆ ಸರ್ಕಾರ ಉರುಳಿದಾಗ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಹೆಚ್ಚಿನವರಿಗೆ ತಂದೆ-ತಾಯಿ ಇದ್ದರು.

ಮುಂದೆ ರಾಜಧಾನಿ ಬುಖಾರೆಸ್ಟ್‌ನಲ್ಲಿ ವಿಜ್ಞಾನಿಗಳು ಇಂಥ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುವ ಕುಟುಂಬಗಳಿಗೆ ಕೊಡಲಾಗಿತ್ತು. ಮನೆ ಸೇರಿದ ಮಕ್ಕಳ ಮಾತು, ಬುದ್ಧಿ ಚೆನ್ನಾಗಿ ಬೆಳೆದವು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕವರಿಗೆ ಹೆಚ್ಚು ಒಳ್ಳೆಯದಾಯಿತು. ಹೊಟ್ಟೆಗೆ ಹಾಕಿದರೆ ಸಾಲದು, ಎತ್ತಿ ಆಡಿಸುವ ಕೈ ಬೇಕು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಇದನ್ನೇ ಹೇಳುತ್ತದೆ: ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಮಗುವನ್ನು ಸಂಸ್ಥೆಗೆ ಸೇರಿಸಬೇಕು. ಗಂಡ ತೀರಿಕೊಂಡ ತಾಯಿ, ಮೊಮ್ಮಗುವನ್ನು ಸಾಕುವ ಅಜ್ಜಿ ಇಂಥವರಿಗಾಗಿ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು. ಮಕ್ಕಳ ಸಹಾಯವಾಣಿ 1098.

ನಿಮ್ಮ ಓಣಿಯಲ್ಲಿ ಯಾರಾದರೂ ‘ಮಗುವನ್ನು ಎಲ್ಲಾದರೂ ಸೇರಿಸಿಬಿಡೋಣ’ ಅಂದರೆ, ಮೊದಲು ಈ ಮಾತನ್ನು ಅವರ ಕಿವಿಗೆ ಹಾಕಿ. ಸಾರಾ ಬೆಂಡರ್‌ಗೆ ಇಂಥ ನೆರವು ಇದ್ದಿದ್ದರೆ ಆ ಪಟ್ಟಿಗೆ ಕತ್ತರಿ ಹಾಕಬೇಕಾಗಿರಲಿಲ್ಲವೇನೋ.