ಮನೆಬಾಗಿಲಿಗೆ ಬಂದ ಕಾದಂಬರಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗೆ ಕಾದಂಬರಿ ಓದುವ ರುಚಿ ಹತ್ತಿಸಿದ್ದು ಗ್ರಂಥಾಲಯಗಳಿಗಿಂತ ಹೆಚ್ಚಾಗಿ, ‘ಇದನ್ನ ಓದಿ ನೋಡ್ರಿ’ ಎಂದು ಎದುರಿಗೆ ನಿಂತು ಹೇಳಿದ ಬಾಯಿಮಾತು. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದಕ್ಕೂ ಅರ್ಧ ಶತಮಾನಕ್ಕೂ ಮೊದಲೇ, ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದ್ದರು. 1869ರಲ್ಲಿ ಹುಟ್ಟಿದ ಈ ಶಾಲಾ ಮಾಸ್ತರರನ್ನು ನಾಡು ಗಳಗನಾಥರೆಂದೇ ಕರೆಯಿತು. 1907ರಲ್ಲಿ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಅವರು ಹೊರಡಿಸಿದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ, ಅವರು ನಡೆದು ಮುಟ್ಟಲಾಗದ ಮನೆಗಳಿಗೂ ಟಪಾಲಿನಲ್ಲಿ ಕಥೆ ಮುಟ್ಟಿಸಿತು.

ಬರೆದವನೇ ತನ್ನ ಪುಸ್ತಕ ಹೊಗಳಿದರೆ ಅದು ವ್ಯಾಪಾರವಲ್ಲವೇ ಎಂದು ಯಾರಾದರೂ ಕೇಳಬಹುದು. ವ್ಯಾಪಾರ ಹೌದು, ಆದರೆ ಅವರ ಆಯ್ಕೆ ಗಂಟು ಕಟ್ಟುವ ಮೊದಲೇ ನಡೆದಿತ್ತು. ಮುಂಬಯಿ ಇಲಾಖೆಯ ಈ ಭಾಗದಲ್ಲಿ ಓದು ಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕವೇ ಹೆಚ್ಚಾಗಿದ್ದ ಕಾಲದಲ್ಲಿ, ಗಳಗನಾಥರು ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಓದಿ, ತೂಗಿ, ಕನ್ನಡಕ್ಕೆ ತಂದರು. ತಾನು ಮೆಚ್ಚಿದ್ದನ್ನು ನೆರೆಯವನೂ ಓದಲಿ ಎಂದು ಇಡೀ ಪುಸ್ತಕವನ್ನೇ ಮತ್ತೆ ಬರೆಯುವುದಕ್ಕಿಂತ ದೊಡ್ಡ ಶಿಫಾರಸು ಯಾವುದಿದೆ? ಆಪಟೆಯವರ ‘ವಜ್ರಾಘಾತ’ ‘ಕನ್ನಡಿಗರ ಕರ್ಮಕಥೆ’ಯಾಗಿ ಬಂದಾಗ ಅದು ಹೇಳುವ ವಿಜಯನಗರದ ಪತನ ಇಲ್ಲಿಯವರಿಗೆ ದೂರದ ಸುದ್ದಿಯಾಗಿರಲಿಲ್ಲ. 1565ರ ಸೋಲಿನ ನಂತರ ಆದಿಲಶಾಹಿಗಳ ವಶವಾದ ಬಂಕಾಪುರದ ಕೋಟೆ ಶಿಗ್ಗಾವಿ ತಾಲೂಕಿನಲ್ಲೇ ಇದೆ. ಒಳಗೆ ಅರವತ್ತು ಕಂಬದ ನಗರೇಶ್ವರ ಗುಡಿ ಇಂದಿಗೂ ನಿಂತಿದೆ. ಓದುಬಲ್ಲವರು ಬೆರಳೆಣಿಕೆಯಷ್ಟೇ ಇದ್ದರೆಂಬ ಮಾತು ನಿಜ. ಆದರೆ ಭಾರತ, ಜೈಮಿನಿಗಳನ್ನು ಒಬ್ಬ ಓದಿ ಹತ್ತು ಜನ ಕೇಳುವ ರೂಢಿ ಮೊದಲೇ ಇದ್ದ ನಾಡಿದು. ಆದ್ದರಿಂದ ಮನೆಗೆ ಬಂದ ಒಂದು ಪ್ರತಿಯನ್ನು ಒಬ್ಬನೇ ಓದುಗನ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸವಣೂರು 1948ರವರೆಗೂ ನವಾಬರ ಸಂಸ್ಥಾನ. ಅದರ ನೆರೆಯಲ್ಲೇ ಸುಲ್ತಾನರನ್ನು ಶತ್ರುಗಳಾಗಿ ತೋರಿಸುವ ಕಾದಂಬರಿ ಹಂಚಿದ್ದು ಓದುಗರ ಮನಸ್ಸನ್ನು ಒಡೆಯಲಿಲ್ಲವೇ? ಆ ಕಾಲದ ಐತಿಹಾಸಿಕ ಕಾದಂಬರಿಗಳಲ್ಲಿ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದು ಬೇಡ. ಆದರೂ ‘ಕರ್ಮಕಥೆ’ಯನ್ನು ಕೊನೆಯವರೆಗೆ ಓದಿದವರಿಗೆ ಬೇರೆಯೇ ಲೆಕ್ಕ ಕಾಣುತ್ತದೆ. ಅಲ್ಲಿ ಸಾಮ್ರಾಜ್ಯದ ನಾಶ ಹೊರಗಿನ ಸೈನ್ಯದಿಂದ ಮಾತ್ರ ಬರುವುದಿಲ್ಲ. ವಿಜಯನಗರವನ್ನು ಆಳುತ್ತಿದ್ದ ರಾಮರಾಜ ಪ್ರೀತಿಸಿ ಕೈಬಿಟ್ಟ ಮೆಹರಜಾನಳ ನೋವು, ಅವರ ಮಗ ರಣಮಸ್ತಖಾನನ ಸಿಟ್ಟು, ಇವೂ ಆ ಸೋಲಿನೊಳಗೆ ಇವೆ. ಗಳಗನಾಥರು ಹೊತ್ತು ತಂದ ಗಂಟಿನಲ್ಲಿ ಶತ್ರುವಿನ ಮೇಲಿನ ದೂರಿನ ಜೊತೆಗೆ ಸ್ವಂತ ಅರಸನ ತಪ್ಪಿನ ವಿಚಾರಣೆಯೂ ಇತ್ತು.